ಸರ್ಕಾರಿ ಪ್ರೌಢಶಾಲೆಯ ಹುಡುಗಿಯರಿಗೆ ಎಂಜಿನಿಯರಿಂಗ್ ಪರಿಚಯಿಸೋದು ಹೇಗೆ? ಅನುಭವಸ್ಥರು ಹೇಳಿ

ಪ್ರಶ್ನೆ: ನಾವು ಮೂವರು ಗೆಳತಿಯರು, ಎಂಜಿನಿಯರುಗಳು. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯ 40 ಹುಡುಗಿಯರಿಗೆ ಒಂದು ಶನಿವಾರ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಪಿಪಿಟಿ ರೆಡಿ ಇದೆ. ಇನ್ನೇನು ಬೇಕು?

ಎಲೆಕ್ಟ್ರಾನಿಕ್ಸ್ ಎಂಜಿನಿಯರ್: ಪಿಪಿಟಿ ಬಿಡಿ ಮೇಡಂ, ಕರೆಂಟ್ ಹೋದರೆ ಅದೂ ಹೋಯಿತು. ಮಕ್ಕಳೇ ಪುಟ್ಟ ದೀಪದ ಸರ್ಕ್ಯೂಟ್ ಜೋಡಿಸಲು ಇಬ್ಬರಿಗೊಂದರಂತೆ 20 ಸೆಟ್ ಒಯ್ಯಿರಿ. ನಾಲ್ವರಿಗೊಂದು ಕೊಟ್ಟರೆ ಒಬ್ಬಳು ಜೋಡಿಸುತ್ತಾಳೆ, ಮಿಕ್ಕವರು ನೋಡುತ್ತಾ ಕೂರುತ್ತಾರೆ. ಒಂದು ಸೆಟ್‌ಗೆ ಎರಡು ಪೆನ್‌ಸೆಲ್, ಹೋಲ್ಡರ್, ಚಿಕ್ಕ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಕೆಂಪು ಎಲ್‌ಇಡಿ ಎರಡು, 100 ಓಮ್ ರೆಸಿಸ್ಟರ್ (ಕರೆಂಟ್ ಹೆಚ್ಚು ಹರಿಯದಂತೆ ತಡೆಯುವ ಬಿಡಿಭಾಗ) ಎರಡು, ಪುಶ್ ಬಟನ್ ಒಂದು, ಜಂಪರ್ ವೈರ್ ಆರು. 9 ವೋಲ್ಟ್ ಬ್ಯಾಟರಿ ಬೇಡ, ರೆಸಿಸ್ಟರ್ ಹಾಕೋದು ಮರೆತರೆ ಎಲ್‌ಇಡಿ ಸುಟ್ಟೇ ಹೋಗುತ್ತೆ. ನೀಲಿ, ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಎರಡು ಸೆಲ್‌ಗೆ ಮಂಕಾಗಿ ಉರಿದರೆ ಅದೃಷ್ಟ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ಎರಡು ಸೆಲ್‌ನ 3 ವೋಲ್ಟಿನಲ್ಲಿ ಉಳಿದ 1 ವೋಲ್ಟನ್ನು 100 ಓಮ್‌ನಿಂದ ಭಾಗಿಸಿದರೆ ಹರಿಯುವ ಕರೆಂಟ್ 10 ಮಿಲಿಆಂಪ್. ಓಮ್ ನಿಯಮ ಬರೋದು ಹತ್ತನೇ ಕ್ಲಾಸಿಗೆ, ಆದರೆ ಈ ಭಾಗಾಕಾರ ಒಂಬತ್ತರವರಿಗೂ ಬರುತ್ತೆ. ಮಕ್ಕಳ ಕೈಲೇ ಬೋರ್ಡ್ ಮೇಲೆ ಬರೆಸಿ.

ದೀಪ ಹತ್ತದಿದ್ದರೆ ಮೊದಲು ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆ ಇದೆಯಾ ನೋಡಲು ಹೇಳಿ. ಆಮೇಲೆ, ಎರಡೂ ಕಾಲು ಐದು ತೂತಿನ ಒಂದೇ ಸಾಲಿನಲ್ಲಿ ಕೂತಿವೆಯಾ ಅಂತ, ಹಾಗೆ ಕೂತಿದ್ದರೆ ಉರಿಯಲ್ಲ. ಬಟನ್ ಒತ್ತದೆಯೇ ಉರಿಯುತ್ತಿದ್ದರೆ ಬಟನ್ ಕಿತ್ತು 90 ಡಿಗ್ರಿ ತಿರುಗಿಸಿ ಕೂರಿಸಬೇಕು. ನೀವು ಮಾತ್ರ ಕೈ ಹಾಕಬೇಡಿ! ತಪ್ಪು ಅವರೇ ಹುಡುಕಲಿ, ಹತ್ತು ನಿಮಿಷ ಹಿಡಿದರೂ ಸರಿ.

ಗಣಿತ ಶಿಕ್ಷಕಿ: ಶನಿವಾರ ಬೆಳಗಿನ ಶಾಲೆ, ಬೇಗ ಮುಗಿಯುತ್ತೆ, ಮಕ್ಕಳಿಗೆ ಬಸ್ಸಿನದೇ ಚಿಂತೆ. ವಾರದ ನಡುವೆ ಎರಡು ಪೀರಿಯಡ್ ಒಟ್ಟಿಗೆ ಕೇಳಿ, ಮುಖ್ಯಶಿಕ್ಷಕರಿಂದ ಲಿಖಿತ ಅನುಮತಿ ಪಡೆಯಿರಿ. ಹುಡುಗರನ್ನೂ ಸೇರಿಸಿ ಅಂದರೆ ಸೇರಿಸಿ, ಜೋಡಿ ಮಾತ್ರ ಬೇರೆ ಬೇರೆ ಮಾಡಿ. ಬೆರೆಸಿದರೆ ವೈರ್ ಅವನ ಕೈಗೆ, ನೋಟ್‌ಬುಕ್ ಇವಳ ಕೈಗೆ.

ಪಾಲಿಟೆಕ್ನಿಕ್ ಉಪನ್ಯಾಸಕಿ: ದೀಪ ಹತ್ತಿದ ಖುಷಿ ಎರಡು ದಿನ. ಮುಂದಿನ ದಾರಿ ಗೊತ್ತಿರದಿದ್ದರೆ ಪಿಯುಸಿಯಲ್ಲಿ ಗಣಿತ ಬಿಟ್ಟುಬಿಡುತ್ತಾರೆ, ಅಲ್ಲಿಗೆ ಬಿಇ ಆಸೆ ಮುಗೀತು. ಎರಡು ದಾರಿಯನ್ನೂ ಬೋರ್ಡ್ ಮೇಲೆ ಬರೆಯಿರಿ: ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ತೆಗೆದುಕೊಂಡು ಪಿಯುಸಿ, ಸಿಇಟಿ, ಬಿಇ, ಇಲ್ಲವೇ ಎಸ್ಸೆಸ್ಸೆಲ್ಸಿ ಆದ ಕೂಡಲೇ 3 ವರ್ಷದ ಡಿಪ್ಲೊಮಾ, ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮದ್ದು 5%. ಇವೆರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಎರಡು ಮೂರು ಶಾಲೆ ಬದಲಿಸಿದ ಮಕ್ಕಳು ಒದ್ದಾಡೋದೇ ಇಲ್ಲಿ, ಈಗಲೇ ತೆಗೆದಿಡಲು ಹೇಳಿ.

ಕೊನೆಯ ಅರ್ಧ ಗಂಟೆಗೆ ಅಮ್ಮಂದಿರನ್ನು ಕರೆಸಿ. ಅವರು ಕೇಳೋದು ಹಾಸ್ಟೆಲ್, ಬಸ್, ಫೀಸು. ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇದೆ: ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತೆ, ಡಿಪ್ಲೊಮಾಕ್ಕೂ ಉಂಟು. ಅರ್ಜಿಯ ಕೊನೆಯ ದಿನ ಆಯಾ ವರ್ಷ ನೋಡಿಕೊಳ್ಳಬೇಕು.

ಎಲೆಕ್ಟ್ರಾನಿಕ್ಸ್ ಎಂಜಿನಿಯರ್: ಒಂದು ಮರೆತೆ. ವಾಪಸ್ ತುಂಬುವಾಗ ಹೋಲ್ಡರ್‌ನಿಂದ ಸೆಲ್ ಬಿಚ್ಚಿಡಿ, ವೈರ್ ತುದಿಗಳು ತಾಗಿದರೆ ಬ್ಯಾಗಿನಲ್ಲೇ ಬಿಸಿಯಾಗುತ್ತೆ. ಎರಡು ಸೆಟ್ ವಿಜ್ಞಾನದ ಮೇಷ್ಟ್ರ ಬಳಿ ಬಿಟ್ಟು ಬನ್ನಿ.