ಕೊ-ಒಮೊತೆ ಮುಖವಾಡದ ಕೆನ್ನೆ ಮೇಲೆ ಬಿಳಿ ಲೇಪ ಬಿರುಕು ಬಿಡುತ್ತಿದೆ, ಏನು ಮಾಡಲಿ?

ಉಳಿಸುತ್ತಿಗೆ:
ನಮಸ್ಕಾರ. ನಾನಿರುವುದು ಕ್ಯೋಟೋದಲ್ಲಿ. ಜಪಾನಿನ ಹಳೆಯ ನಾಟಕ ಪ್ರಕಾರವಾದ ‘ನೋ’ದ ಮುಖವಾಡ ಕೆತ್ತುವುದನ್ನು ಕಲಿಯುತ್ತಿದ್ದೇನೆ. ಇದು ನನ್ನ ಮೊದಲನೆಯದು, ಕೊ-ಒಮೊತೆ, ಎಳೆ ಹುಡುಗಿಯ ಮುಖ. ಹಿನೊಕಿ ಮರ. ಕಾಗದದ ಅಚ್ಚು ಹಿಡಿದು ಹಿಡಿದು ಮೂಗು, ಗಲ್ಲ ಎಲ್ಲ ಸರಿಯಾಗಿ ಬಂತು. ಗೊಫುನ್, ಅಂದರೆ ಬಿಳಿ ಲೇಪ, ಆರು ಕೋಟ್ ಚೆನ್ನಾಗಿಯೇ ಕೂತಿತ್ತು. ಏಳನೆಯದು ಒಣಗಿದ ಮೇಲೆ ಎಡಗೆನ್ನೆಯಲ್ಲಿ ಬತ್ತಿದ ಕೆರೆಯ ಮಣ್ಣಿನ ಹಾಗೆ ಬಿರುಕು. ಉಗುರು ತಾಗಿದರೆ ಅಂಚು ಏಳುತ್ತದೆ. ಒಳಗೆ ಮರವೇ ಸೀಳಿದೆಯಾ? ಮೂರು ತಿಂಗಳ ಕೆಲಸ, ತುಂಬ ಬೇಜಾರಾಗಿದೆ.

ಬಣ್ಣದಬಟ್ಟಲು:
ಮರಕ್ಕೆ ಏನೂ ಆಗಿಲ್ಲ, ಧೈರ್ಯವಾಗಿರಿ. ಮರ ಸೀಳಿದ್ದರೆ ಅದರ ಎಳೆಯ ಉದ್ದಕ್ಕೂ ಒಂದೇ ಗೆರೆ ಕಾಣುತ್ತದೆ. ಹಿನೊಕಿಯ ರಾಳ ಹೊರಗೆ ಬಂದಿದ್ದರೆ ಹಳದಿ ಕಲೆ ಇರುತ್ತದೆ. ಬಲೆಯ ಥರ ಬಿರುಕು ಅಂದರೆ ನನ್ನ ಅನುಮಾನ ನಿಕಾವಾ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ) ಅಂಟಿನ ಮೇಲೆ. ಅಂಟು ದಿನಾ ಹೊಸದಾಗಿ ಕರಗಿಸಿದಿರಾ?

ಉಳಿಸುತ್ತಿಗೆ:
ಇಲ್ಲ ಸರ್. ಒಂದೇ ಬಟ್ಟಲಿನದು. ಫ್ರಿಜ್‌ನಲ್ಲಿಟ್ಟು ನಾಲ್ಕು ದಿನ ಬಿಸಿನೀರಿನ ಮೇಲೆ ಮತ್ತೆ ಮತ್ತೆ ಕರಗಿಸಿದೆ. ಮುಚ್ಚಳ ಮುಚ್ಚಿರಲಿಲ್ಲ.

ಬಣ್ಣದಬಟ್ಟಲು:
ಅಲ್ಲೇ ಆಗಿದ್ದು ನೋಡಿ. ಪ್ರತಿ ಸಲ ನೀರು ಆವಿಯಾಗಿ ಅಂಟು ಗಟ್ಟಿಯಾಗುತ್ತಾ ಹೋಗಿದೆ. ಗೊಫುನ್ ಬರೀ ಸಿಂಪಿಚಿಪ್ಪಿನ ಪುಡಿ, ಹಿಡಿದಿಡುವುದು ಅಂಟು. ಅದು ಒಣಗುವಾಗ ಕುಗ್ಗುತ್ತದೆ. ಮೇಲಿನ ಕೋಟ್‌ನಲ್ಲಿ ಅಂಟು ಜಾಸ್ತಿಯಾದರೆ ಕೆಳಗಿನದನ್ನೂ ಎಳೆದು ಎಬ್ಬಿಸುತ್ತದೆ. ತಳದಲ್ಲಿ ಅಂಟು ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರಬೇಕು. ನಿಮ್ಮದು ತಿರುಗಾಮುರುಗಾ ಆಗಿದೆ.

ಎದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ನಿಧಾನಕ್ಕೆ ಒರೆಸಿ ತೆಗೆಯಿರಿ, ನಿಕಾವಾ ನೀರಿಗೆ ಬಿಡುತ್ತದೆ. ಮುಖವಾಡ ನೆನೆಸಬೇಡಿ. ಪೂರ್ತಿ ಒಣಗಲಿ, ಆಮೇಲೆ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ಇಳಿಜಾರು ಮಾಡಿ. ಹೊಸ ಅಂಟನ್ನು ರಾತ್ರಿಯೆಲ್ಲ ನೆನೆಹಾಕಿ ಕರಗಿಸಿ. ಕುದಿಸಬೇಡಿ, ಕುದ್ದರೆ ಹಿಡಿತ ಹೋಗುತ್ತದೆ. ಪುಡಿಗೆ ಅಂಟು ಸ್ವಲ್ಪಸ್ವಲ್ಪ ಹಾಕಿ ಚಪಾತಿ ಹಿಟ್ಟಿನ ಹಾಗೆ ನಾದಿ, ಉಂಡೆ ಮಾಡಿ ತಟ್ಟೆಗೆ ಬಡಿಯಿರಿ, ಆಮೇಲೆ ನೀರಲ್ಲಿ ಕದಡಿ. ತೆಳ್ಳಗೆ ಹಚ್ಚಿ. ಹೀಟರ್ ಹತ್ತಿರ ಮಾತ್ರ ಒಣಗಿಸಬೇಡಿ. ಮೊದಲು ಹಿನೊಕಿ ಚೂರಿನ ಮೇಲೆ ಹಚ್ಚಿ ನೋಡಿದರೆ ಒಳ್ಳೆಯದು.

ತೇಪೆ ಹಾಕಿದ ಕೆನ್ನೆ ದಪ್ಪ ಆಗಬಾರದು. ಈ ಮುಖ ಬಗ್ಗಿದಾಗ ಬೇಸರ, ಎತ್ತಿದಾಗ ನಗು ಕಾಣುವುದು ಆ ಉಬ್ಬುತಗ್ಗಿನ ನೆರಳಿನಿಂದಲೇ ಅಲ್ವಾ? ಮೇಲಿಂದ ಒಂದೇ ದೀಪ ಹಾಕಿ, ಬಗ್ಗಿಸಿ, ಎರಡೂ ಕೆನ್ನೆ ಹೋಲಿಸಿ.

ಉಳಿಸುತ್ತಿಗೆ:
ಹತ್ತು ದಿನ ಆಯಿತು ಸರ್. ನಾಲ್ಕು ಕೋಟ್ ಹಚ್ಚಿದೆ, ಬಿರುಕು ಬಂದಿಲ್ಲ. ದೀಪದ ಕೆಳಗೆ ಎಡಗೆನ್ನೆ ಕೂದಲೆಳೆಯಷ್ಟು ಉಬ್ಬಿದೆ. ಉಜ್ಜುತ್ತಾ ಇದ್ದೇನೆ.