ಫ್ಯಾಂಟಮ್ 20 ಮಿ.ಮೀ. ಓಡಿದರೂ ಉಸಿರಾಟದ ಕ್ಯಾಮೆರಾ 18.1 ತೋರಿಸುತ್ತಿದೆ

ಪ್ರಶ್ನೆ:
4ಡಿ ಸಿಟಿಗೆ (ಉಸಿರಿನ ಹಂತಕ್ಕೆ ತಕ್ಕಂತೆ ಚಿತ್ರ ವಿಂಗಡಿಸುವ ಸ್ಕ್ಯಾನ್) ಬಳಸುವ ಇನ್‌ಫ್ರಾರೆಡ್ ಕ್ಯಾಮೆರಾ, ಗೋಡೆಗೆ ಕೂರಿಸಿದ್ದು. ರೋಗಿಯ ಮೈಮೇಲಿಡುವ ಬ್ಲಾಕ್‌ನಲ್ಲಿ ಒಂದರ ಮೇಲೊಂದು ಹೊಳೆಯುವ ಎರಡು ಚುಕ್ಕಿ, ಅವುಗಳ ಏರಿಳಿತವನ್ನು ಕ್ಯಾಮೆರಾ ಅಳೆಯುತ್ತೆ. ಫ್ಯಾಂಟಮ್ (ರೋಗಿಯ ಬದಲು ಬ್ಲಾಕ್ ಹೊತ್ತು ಓಡುವ ಪರೀಕ್ಷಾ ಯಂತ್ರ) ನಿಮಿಷಕ್ಕೆ 15 ಸಲ ನೇರ ಮೇಲೆ-ಕೆಳಗೆ 20 ಮಿ.ಮೀ. ಓಡುತ್ತೆ, ಡಯಲ್ ಗೇಜ್‌ನಲ್ಲೂ 20. ಕ್ಯಾಮೆರಾ ಮಾತ್ರ 18.1 ಅನ್ನುತ್ತೆ. ಪರದೆಯ ಮೇಲಿನ ಉಸಿರಾಟದ ಗೆರೆ ಎಲ್ಲೂ ಕಡಿಯಲ್ಲ. ಚುಕ್ಕಿ ಒರೆಸಿ ನೋಡಿದ್ದಾಯ್ತು.

ಉತ್ತರ:
ಚುಕ್ಕಿ ಕೊಳೆಯಾಗಿದ್ದರೆ ಗೆರೆ ನಡುಗುತ್ತೆ ಇಲ್ಲವೇ ಕಡಿಯುತ್ತೆ. ಇದು ಕೋನದ ತಪ್ಪು. ಕ್ಯಾಮೆರಾ ಎಷ್ಟು ಡಿಗ್ರಿ ಕೆಳಮುಖವಾಗಿದೆ? 25ರ ಆಸುಪಾಸು ಇರಬೇಕು.

ಮಿಲಿಮೀಟರ್ ಲೆಕ್ಕ ಹುಟ್ಟೋದು ಎರಡು ಚುಕ್ಕಿಗಳ ನಡುವಿನ 30 ಮಿ.ಮೀ.ನಿಂದ. 25 ಡಿಗ್ರಿ ಮೇಲಿನಿಂದ ನೋಡಿದರೆ ನೇರ ಚಲನೆ 0.906 ಪಟ್ಟಿಗೆ ಕುಗ್ಗಿ ಕಾಣುತ್ತೆ. ಬ್ಲಾಕ್ ನೆಟ್ಟಗಿದ್ದರೆ ಚುಕ್ಕಿಗಳ ಅಂತರವೂ ಅಷ್ಟೇ ಕುಗ್ಗುತ್ತೆ, ಲೆಕ್ಕ ಸರಿಹೋಗುತ್ತೆ. ಚುಕ್ಕಿ ಚೆನ್ನಾಗಿ ಹೊಳೆಯಲಿ ಅಂತ ಬ್ಲಾಕನ್ನು ಹಿಂದಕ್ಕೆ ವಾಲಿಸಿ ಕ್ಯಾಮೆರಾಗೆ ಮುಖ ಮಾಡಿಟ್ಟರೆ ಅಂತರ ಪೂರ್ತಿ 30 ಕಾಣುತ್ತೆ, ಚಲನೆ ಮಾತ್ರ ಕುಗ್ಗುತ್ತೆ. 20 × 0.906 = 18.1.

ಬ್ಲಾಕಿನ ಮುಂಭಾಗಕ್ಕೆ ಡಿಜಿಟಲ್ ಇನ್‌ಕ್ಲಿನೊಮೀಟರ್ (ವಾಲಿಕೆ ಅಳೆಯುವ ಸಾಧನ) ಒತ್ತಿ 90 ಡಿಗ್ರಿಗೆ ನಿಲ್ಲಿಸಿ, ಟ್ರ್ಯಾಕಿಂಗ್ ಮೊದಲಿಂದ ಶುರು ಮಾಡಿ. 5, 10, 20 ಮಿ.ಮೀ. ಮೂರರಲ್ಲೂ ಓಡಿಸಿ. ಮೂರರಲ್ಲೂ ಒಂದೇ ಶೇಕಡಾವಾರು ಕಮ್ಮಿಯಾದರೆ ಕೋನ ಇನ್ನೂ ಸರಿಯಾಗಿಲ್ಲ. ಮೂರರಲ್ಲೂ ಒಂದೇ ಮಿ.ಮೀ. ಕಮ್ಮಿಯಾದರೆ ಫ್ಯಾಂಟಮ್‌ನ ಗೇರ್ ಸಡಿಲ.

ಮರುಪ್ರಶ್ನೆ:
26 ಡಿಗ್ರಿ ಇತ್ತು ಸರ್. ನೆಟ್ಟಗಿಟ್ಟ ಮೇಲೆ 19.9 ಬಂತು. ಆದರೆ ರೋಗಿಯ ಹೊಟ್ಟೆ ಸಮತಟ್ಟಾಗಿರಲ್ಲವಲ್ಲ?

ಉತ್ತರ:
ಉಸಿರಿನ ಹಂತದ ಮೇಲೆ ಚಿತ್ರ ವಿಂಗಡಿಸುವಾಗ ಇದರಿಂದ ಹೆಚ್ಚು ಕೆಡಲ್ಲ, ಅಲ್ಲಿ ಶಿಖರ ಯಾವ ಕ್ಷಣಕ್ಕೆ ಬಂತು ಅನ್ನೋದು ಮುಖ್ಯ. ಎಡಸ್ತನಕ್ಕೆ ಉಸಿರು ಹಿಡಿಸಿ ಕೊಡುವ ವಿಕಿರಣ ಚಿಕಿತ್ಸೆಯಲ್ಲಿ ದಯವಿಟ್ಟು ಹಗುರವಾಗಿ ತಗೋಬೇಡಿ. ದಪ್ಪ ಹೊಟ್ಟೆಯವರಲ್ಲಿ ಬ್ಲಾಕ್ ತಲೆ ಕಡೆಗೆ 20 ಡಿಗ್ರಿ ವಾಲಿತು ಅಂದುಕೊಳ್ಳಿ. ಸಿಟಿ ಕ್ಯಾಮೆರಾ ಮಂಚದ ಕಾಲ ತುದಿಯಲ್ಲಿ ಸಮಮಟ್ಟದಲ್ಲಿದ್ದರೆ 15 ಮಿ.ಮೀ. ಏರಿಕೆ 16 ಅಂತ ಕಾಣುತ್ತೆ. ಚಿಕಿತ್ಸಾ ಕೋಣೆಯ ಕ್ಯಾಮೆರಾ 25 ಡಿಗ್ರಿ ಮೇಲಿನಿಂದ ನೋಡಿದರೆ ಅದೇ ಏರಿಕೆ 13.6. ಸಿಟಿಯ 16ಕ್ಕೇ ಗೇಟ್ (ಕಿರಣ ಬಿಡುವ ಮಟ್ಟ) ಇಟ್ಟರೆ ರೋಗಿ ಅಲ್ಲಿ ಉಸಿರೆಳೆದು ಬ್ಲಾಕನ್ನು 17.6 ಮಿ.ಮೀ. ಎತ್ತಬೇಕಾಗುತ್ತೆ. ಎದೆಮೂಳೆಯ ಕೆಳತುದಿ ಹತ್ತಿರ ಸಮವಾದ ಜಾಗ ಹುಡುಕಿ, ಬೇಕಾದರೆ ಅಡಿಗೆ ಫೋಮ್ ಬೆಣೆ ಕೊಟ್ಟು ಬ್ಲಾಕನ್ನು 90ಕ್ಕೆ ತನ್ನಿ, ನಾಲ್ಕು ಮೂಲೆಗೂ ಚರ್ಮದ ಮೇಲೆ ಗುರುತು ಹಾಕಿ. ಆ ಬೆಣೆ ರೋಗಿಯ ಫೈಲ್ ಜೊತೆಗೇ ಚಿಕಿತ್ಸಾ ಕೋಣೆಗೆ ಹೋಗಬೇಕು.