ಪಿಂಗ್ ಸರಿಯಿದೆ, ಫೈಲ್ ಮಾತ್ರ ತೆವಳುತ್ತಿದೆ. ಸ್ಪೀಡ್-ಡುಪ್ಲೆಕ್ಸ್ ಸೆಟ್ಟಿಂಗ್ ಮುಟ್ಟಲೋ ಬೇಡವೋ?

ಪ್ಲೇಟ್‌ರೂಮ್ ರೇಖಾ:

ನಮ್ಮದು ದಾವಣಗೆರೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್ ಎಲ್ಲ ಮಾಡುತ್ತೇವೆ. ಮಷಿನ್ ಅಪ್ಪ ನೋಡಿಕೊಳ್ಳುತ್ತಾರೆ, ಕಂಪ್ಯೂಟರ್ ಕೆಲಸ ನನ್ನದು.

ಡಿಸೈನ್ ಫೈಲ್‌ಗಳು ಮುಂದಿನ ರೂಮಿನ ಸರ್ವರ್‌ನಲ್ಲಿ ಇರುತ್ತವೆ. ಪ್ಲೇಟ್ ಮಾಡುವ ಮಷಿನ್‌ನ ಕಂಪ್ಯೂಟರ್ ಹಿಂದಿನ ರೂಮಿನಲ್ಲಿದೆ, ವಿಂಡೋಸ್ 7. ನಿನ್ನೆ ಅದಕ್ಕೆ 180 ಎಂಬಿ ಫೈಲ್ ಹೋಗಲು 35 ನಿಮಿಷ ಹಿಡಿಯಿತು. ಮೊದಲು ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಪಿಂಗ್ ಮಾಡಿದರೆ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದಾ ಎಂದು ನೋಡಿದರೆ) ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ನಾಲ್ಕಕ್ಕೆ ನಾಲ್ಕೂ ವಾಪಸ್ ಬರುತ್ತವೆ. ಉಳಿದ ಮೂರು ಕಂಪ್ಯೂಟರ್‌ಗಳಿಗೆ ಏನೂ ತೊಂದರೆ ಇಲ್ಲ.

ಈಚೆಗೆ ಬದಲಾದದ್ದು ಒಂದೇ. ಯುಗಾದಿ ಆದಮೇಲೆ ಸಿಡಿಲಿಗೆ ಹಳೆಯ ಸ್ವಿಚ್ (ಎಲ್ಲ ಕಂಪ್ಯೂಟರ್ ಕೇಬಲ್ ಬಂದು ಸೇರುವ ಪೆಟ್ಟಿಗೆ) ಸುಟ್ಟುಹೋಯಿತು. ಅದು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ ಮಾಡುವಂಥದ್ದು. ಈಗ ತಂದಿರುವುದು 8 ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್.

ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ತೆರೆದು ನೋಡಿದೆ. ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಸ್ಪೀಡ್ ಅಂಡ್ ಡುಪ್ಲೆಕ್ಸ್ ಎದುರು '100 ಎಂಬಿಪಿಎಸ್ ಫುಲ್ ಡುಪ್ಲೆಕ್ಸ್' ಎಂದಿದೆ. ಮಷಿನ್ ಕೂರಿಸಲು ಬಂದ ಟೆಕ್ನಿಷಿಯನ್ ಇಟ್ಟಿದ್ದು. 'ಇದನ್ನು ಮುಟ್ಟಬೇಡಿ' ಎಂದು ಮಾನಿಟರ್ ಅಂಚಿಗೆ ಚೀಟಿ ಬೇರೆ ಅಂಟಿಸಿ ಹೋಗಿದ್ದಾರೆ. ಏನು ಮಾಡಲಿ? ಶುಕ್ರವಾರದೊಳಗೆ 6 ಲಗ್ನಪತ್ರಿಕೆ ಪ್ಲೇಟಿಗೆ ಹೋಗಬೇಕು.

ಟೋನರ್77:

ಸರ್ವರ್ ಕಾರ್ಡನ್ನೂ 100 ಫುಲ್ ಮಾಡಿಬಿಡಿ ಮೇಡಂ. ಎರಡೂ ಕಡೆ ಒಂದೇ ಆಗುತ್ತೆ ಅಲ್ವಾ?

ನೆಟ್‌ಮೇಷ್ಟ್ರು:

ಟೋನರ್ ಅವರೇ, ದಯವಿಟ್ಟು ಅದು ಬೇಡ. ಹೊಂದಬೇಕಾದದ್ದು ಒಂದೇ ಕೇಬಲ್‌ನ ಎರಡು ತುದಿ. ಸರ್ವರ್ ಕೇಬಲ್‌ನ ಆಚೆ ತುದಿಯಲ್ಲಿ ಇರುವುದು ಸ್ವಿಚ್, ಪ್ಲೇಟ್ ಕಂಪ್ಯೂಟರ್ ಅಲ್ಲ. ಸರ್ವರನ್ನೂ ಹಾಗೆ ಕಟ್ಟಿಹಾಕಿದರೆ ಇದೇ ರೋಗ ಅದಕ್ಕೂ ಬರುತ್ತದೆ, ಆಮೇಲೆ ಇಡೀ ಪ್ರೆಸ್ ನಿಧಾನ.

ರೇಖಾ ಅವರೇ, ನಾನು 18 ವರ್ಷ ಆಫೀಸು, ಕಾಲೇಜು ಲ್ಯಾಬ್‌ಗಳ ನೆಟ್‌ವರ್ಕ್ ನೋಡಿಕೊಂಡವನು. ಪಿಂಗ್ ಚೆನ್ನಾಗಿದೆ, ದೊಡ್ಡ ಫೈಲ್ ಮಾತ್ರ ಹೋಗಲ್ಲ ಅಂದ ತಕ್ಷಣ ನನಗೆ ಮೊದಲು ಹೊಳೆಯುವುದು ಡುಪ್ಲೆಕ್ಸ್ ಹೊಂದಿಕೆ ತಪ್ಪಿರುವುದು. ಫುಲ್ ಡುಪ್ಲೆಕ್ಸ್ ಅಂದರೆ ಎರಡೂ ತುದಿ ಒಟ್ಟಿಗೇ ಕಳಿಸಬಹುದು, ಹಾಫ್ ಅಂದರೆ ಸರದಿಯ ಮೇಲೆ.

ಕಾರ್ಡ್ 'ಆಟೋ' ಎಂದಿದ್ದರೆ, ಕೇಬಲ್ ಚುಚ್ಚಿದ ಕೂಡಲೇ ಅದು ಸಣ್ಣ ಸಣ್ಣ ಮಿಡಿತ ಕಳಿಸಿ ತನ್ನ ಪರಿಚಯ ಹೇಳಿಕೊಳ್ಳುತ್ತದೆ: ನನಗೆ 10 ಬರುತ್ತೆ, 100 ಬರುತ್ತೆ, ಫುಲ್ ಡುಪ್ಲೆಕ್ಸ್ ಬರುತ್ತೆ. ಸ್ವಿಚ್ ಕೂಡ ಹೇಳುತ್ತದೆ. ಇಬ್ಬರಿಗೂ ಬರುವುದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ. ಕಾರ್ಡನ್ನು ಕೈಯಿಂದ 100 ಫುಲ್ ಎಂದು ಇಟ್ಟರೆ ಸಾಮಾನ್ಯವಾಗಿ ಈ ಪರಿಚಯವೇ ನಿಂತುಹೋಗುತ್ತದೆ. ಸ್ವಿಚ್ ತಂತಿಯ ಮೇಲಿನ ಸಿಗ್ನಲ್ ನೋಡಿ ವೇಗ 100 ಎಂದು ಕಂಡುಕೊಳ್ಳುತ್ತದೆ. ಆದರೆ ಡುಪ್ಲೆಕ್ಸ್ ಯಾವುದೆಂದು ಸಿಗ್ನಲ್ ನೋಡಿ ತಿಳಿಯಲು ದಾರಿಯೇ ಇಲ್ಲ. ಆಗ ಹಾಫ್ ಎಂದು ಹಿಡಿಯಬೇಕು ಅಂತ ನಿಯಮ. ಸ್ವಿಚ್ ತಪ್ಪು ಮಾಡುತ್ತಿಲ್ಲ, ನಿಯಮ ಪಾಲಿಸುತ್ತಿದೆ.

ಈಗ ಕಾರ್ಡ್ ಫುಲ್, ಸ್ವಿಚ್ ಹಾಫ್. ಹಾಫ್ ಅಂದರೆ ಒಬ್ಬರು ಹೇಳುವಾಗ ಇನ್ನೊಬ್ಬರು ಸುಮ್ಮನಿರಬೇಕು. ಕಾರ್ಡ್‌ಗೆ ಆ ಕಟ್ಟುಪಾಡಿಲ್ಲ, ತನಗೆ ಬೇಕಾದಾಗ ಕಳಿಸುತ್ತದೆ. ಸ್ವಿಚ್ ಫೈಲ್ ಕಳಿಸುತ್ತಿರುವಾಗಲೇ ಕಾರ್ಡ್ 'ಇಷ್ಟು ಬಂತು' ಎಂದು ಉತ್ತರ ಕಳಿಸುತ್ತದೆ. ಸ್ವಿಚ್ ಅದನ್ನು ಡಿಕ್ಕಿ ಎಂದು ತಿಳಿದು ತಾನು ಕಳಿಸುತ್ತಿದ್ದ ಫ್ರೇಮನ್ನು (ಫೈಲಿನ ಒಂದು ತುಣುಕು) ಅರ್ಧಕ್ಕೇ ನಿಲ್ಲಿಸುತ್ತದೆ. ಮೊದಲ 64 ಬೈಟ್ ಒಳಗೆ ಡಿಕ್ಕಿಯಾದರೆ ತಾನೇ ಮತ್ತೆ ಕಳಿಸುತ್ತದೆ. ಅದಾದ ಮೇಲೆ ಆದರೆ ಆ ಫ್ರೇಮ್ ಹೋಯಿತು ಅಂತಲೇ. ಕಳೆದುಹೋದದ್ದನ್ನು ನೋಡಿಕೊಳ್ಳುವ ಟಿಸಿಪಿ ಎಂಬ ವ್ಯವಸ್ಥೆ ಕಾದು ಕಾದು ಮತ್ತೆ ಕಳಿಸಬೇಕು, ನಿಮ್ಮ 35 ನಿಮಿಷ ಹೋಗಿದ್ದು ಆ ಕಾಯುವಿಕೆಯಲ್ಲಿ. ಪಿಂಗ್‌ನಲ್ಲಿ ಒಂದು ಹೋಗಿ ಒಂದು ಬರುತ್ತದೆ, ಎರಡೂ ಎದುರಾಗುವುದೇ ಅಪರೂಪ. ಅದಕ್ಕೇ ಅಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ.

ಹಳೆಯ ಸ್ವಿಚ್‌ನಲ್ಲೂ ಆ ಪೋರ್ಟನ್ನು 100 ಫುಲ್ ಮಾಡಿದ್ದಿರಬೇಕು, ಅದಕ್ಕೆ ಅಷ್ಟು ವರ್ಷ ನಡೆಯಿತು. ಸಾದಾ ಸ್ವಿಚ್‌ನಲ್ಲಿ ಆ ಅವಕಾಶ ಇಲ್ಲ, ಅದು ಯಾವಾಗಲೂ ಆಟೋ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟ್ಯಾಟ್ ಎಂದು ಬರೆದು, ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಇ ಅಕ್ಷರ ಹಾಕಿ (netstat -e) ಎಂಟರ್ ಒತ್ತಿ. ಎರರ್ಸ್ ಸಾಲಿನ ಅಂಕಿ ಬರೆದಿಟ್ಟುಕೊಳ್ಳಿ. ಒಂದು ಫೈಲ್ ಕಳಿಸಿ ಮತ್ತೆ ನೋಡಿ. ಏರಿದ್ದರೆ ಕಾರ್ಡನ್ನು ಆಟೋ ನೆಗೋಶಿಯೇಷನ್‌ಗೆ ಹಾಕಿ.

ಪ್ಲೇಟ್‌ರೂಮ್ ರೇಖಾ:

ಸರ್, ಎರರ್ಸ್ 41,806 ಇತ್ತು. ಒಂದು ಫೈಲ್ ಕಳಿಸಿದ ಮೇಲೆ 43,290. ನೀವು ಹೇಳಿದ ಹಾಗೆಯೇ. ಆದರೆ ಆಟೋ ಮಾಡಿದರೆ ಲಿಂಕೇ ನಿಲ್ಲುತ್ತಿಲ್ಲ. ಸ್ವಿಚ್‌ನ ದೀಪ ಎರಡು ಸೆಕೆಂಡ್ ಹತ್ತುತ್ತೆ, ಆರುತ್ತೆ, ಮತ್ತೆ ಹತ್ತುತ್ತೆ. ಚೀಟಿ ಅಂಟಿಸಿದ್ದು ಇದಕ್ಕೇ ಇರಬೇಕು. ವಾಪಸ್ 100 ಫುಲ್‌ಗೆ ಹಾಕಿದ್ದೇನೆ.

ಹಳೇತಂತಿ:

ಅಕ್ಕಾ, ಕೇಬಲ್ ನೋಡಿ. 100ಕ್ಕೆ ಎರಡು ಜೋಡಿ ತಂತಿ ಸಾಕು, 1, 2, 3, 6. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಜೋಡಿ ಬೇಕು. ಪರಿಚಯ ಹೇಳಿಕೊಳ್ಳುವುದು ಆ ಎರಡು ಜೋಡಿಯಲ್ಲೇ ನಡೆಯುತ್ತೆ. ಹಾಗಾಗಿ ಎರಡೂ ಕಡೆ 1000ಕ್ಕೆ ಒಪ್ಪಿಕೊಳ್ಳುತ್ತವೆ, ಆಮೇಲೆ ಉಳಿದ ಜೋಡಿ ಸಿಗದೆ ಲಿಂಕ್ ಬೀಳುತ್ತೆ. ಕೆಲವು ಕಾರ್ಡ್ ತಾನೇ 100ಕ್ಕೆ ಇಳಿಯುತ್ತೆ, ಕೆಲವು ಹೀಗೆ ಒದ್ದಾಡುತ್ತೆ. ನಾನು ಕೇಬಲ್ ಎಳೆಯುವ ಕೆಲಸದವನು, ಹಳೆಯ ಕಟ್ಟಡಗಳಲ್ಲಿ ಇದನ್ನು ತುಂಬಾ ಕಂಡಿದ್ದೇನೆ.

ನೆಟ್‌ಮೇಷ್ಟ್ರು:

ಹಳೇತಂತಿ ಹೇಳಿದ್ದು ನೂರಕ್ಕೆ ನೂರು ಸರಿ. ಕೇಬಲ್ ಬಗ್ಗೆ ನಾನೇ ಮೊದಲು ಕೇಳಬೇಕಿತ್ತು.

ಶುಕ್ರವಾರದ ಕೆಲಸ ನಿಲ್ಲಬಾರದು. ಅಲ್ಲಿಯವರೆಗೆ ಕಾರ್ಡನ್ನು 100 ಹಾಫ್ ಡುಪ್ಲೆಕ್ಸ್ ಮಾಡಿ. ಸ್ವಿಚ್ ಹೇಗೂ ಹಾಫ್ ಎಂದುಕೊಂಡಿದೆ, ಎರಡೂ ಹೊಂದುತ್ತವೆ. ವೇಗ ಸ್ವಲ್ಪ ಕಡಿಮೆ, ಆದರೆ ಫ್ರೇಮ್ ಹಾಳಾಗುವುದು ನಿಲ್ಲುತ್ತದೆ. ಕೇಬಲ್ ಸರಿಯಾದ ಮೇಲೆ ಆಟೋ. ಆಗಲೂ 1000 ಫುಲ್ ಎಂದು ಕೈಯಿಂದ ಕಟ್ಟಿಹಾಕಲು ಹೋಗಬೇಡಿ. 1999ರಲ್ಲಿ ತಾಮ್ರದ ತಂತಿಯ ಗಿಗಾಬಿಟ್ ನಿಯಮ ಬಂದಾಗಿನಿಂದ ಅದಕ್ಕೆ ಆಟೋ ಕಡ್ಡಾಯ. ಯಾವ ತುದಿಯ ಗಡಿಯಾರವನ್ನು ಇನ್ನೊಂದು ತುದಿ ಅನುಸರಿಸಬೇಕು ಎಂಬುದೂ ಆ ಮಾತುಕತೆಯಲ್ಲೇ ತೀರ್ಮಾನವಾಗಬೇಕು. 1995ರಲ್ಲಿ 100 ಎಂಬಿಪಿಎಸ್ ನಿಯಮ ಹೊಸದಾಗಿದ್ದಾಗ ಒಂದು ಕಂಪನಿಯ ಆಟೋ ಇನ್ನೊಂದಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ. ಕೈಯಿಂದ ಇಡುವ ರೂಢಿ ಆಗ ಬೆಳೆದದ್ದು. ಆ ಕಾಲ ಮುಗಿದು ಬಹಳ ವರ್ಷವಾಯಿತು.

ಪ್ಲೇಟ್‌ರೂಮ್ ರೇಖಾ:

100 ಹಾಫ್‌ನಲ್ಲಿ 180 ಎಂಬಿ 28 ಸೆಕೆಂಡಿಗೆ ಹೋಯಿತು. ಆರೂ ಪತ್ರಿಕೆ ಗುರುವಾರ ರಾತ್ರಿಯೇ ಪ್ಲೇಟ್ ಆದವು. ಎರಡು ಸಲ ಪಕ್ಕದಲ್ಲೇ ನಿಂತು ಎಣಿಸಿದೆ ಸರ್.

ಭಾನುವಾರ ಗೋಡೆಯ ಬಾಕ್ಸ್ ಬಿಚ್ಚಿದೆವು. ಕಿತ್ತಳೆ ಮತ್ತು ಹಸಿರು ಜೋಡಿ ಮಾತ್ರ ಒಳಗೆ ಕೂರಿಸಿದ್ದರು. ನೀಲಿ, ಕಂದು ಜೋಡಿಗಳನ್ನು ಹಿಂದಕ್ಕೆ ಮಡಚಿ ಕೇಬಲ್‌ಗೇ ಸುತ್ತಿ, ಮೇಲೆ ಇನ್ಸುಲೇಷನ್ ಟೇಪ್. ಸ್ವಿಚ್ ಕಡೆಯ ತುದಿಯೂ ಹಾಗೇ. ಅಪ್ಪ ಟಾರ್ಚ್ ಹಿಡಿದರು, ನಾನು ಎರಡೂ ಕಡೆ ಎಂಟು ತಂತಿ ಪಂಚ್ ಮಾಡಿದೆ. ಕಾರ್ಡ್ ಆಟೋ ಮಾಡಿದ ಕೂಡಲೇ 1.0 ಜಿಬಿಪಿಎಸ್ ಎಂದು ತೋರಿಸಿತು, ದೀಪ ಹತ್ತಿದ್ದು ಹತ್ತೇ ಇತ್ತು. ಅದೇ ಫೈಲ್ 4 ಸೆಕೆಂಡ್. ಎರರ್ಸ್ ಅಂಕಿ ಬೆಳಗ್ಗೆಯಿಂದ ಸೊನ್ನೆಯಲ್ಲೇ ಇದೆ.

ಹಳೆಯ ಚೀಟಿ ತೆಗೆದೆ. ಅದೇ ಜಾಗದಲ್ಲಿ 'ಕಾರ್ಡ್ ಆಟೋ, ಸ್ವಿಚ್ ಆಟೋ, ಕೇಬಲ್ 8 ತಂತಿ' ಎಂದು ತಾರೀಖು ಹಾಕಿ ಅಂಟಿಸಿದ್ದೇನೆ. ಮೇಷ್ಟ್ರಿಗೂ ಹಳೇತಂತಿ ಅಣ್ಣನಿಗೂ ಅಪ್ಪ ನಮಸ್ಕಾರ ಹೇಳಿದ್ದಾರೆ.